ದಸ್ತಿ, ಸಿಂಬಿ ಮತ್ತು ಡೆಟ್ರಾಯಿಟ್‌ನ ದಪ್ಪ ಅಂಗಿ

ಇಳಕಲ್ ಸೀರೆಯ ಬಗ್ಗೆ, ಮೊಳಕಾಲ್ಮೂರಿನ ರೇಷ್ಮೆಯ ಬಗ್ಗೆ ಓದಲು ಸಾಕಷ್ಟಿದೆ. ಮೈಮುರಿದು ದುಡಿಯುವವರು ಕೆಲಸದ ಹೊತ್ತಿನಲ್ಲಿ ಏನು ತೊಡುತ್ತಿದ್ದರು, ಅದನ್ನು ಯಾರು ಹೊಲಿಯುತ್ತಿದ್ದರು ಎಂದು ಹುಡುಕಹೊರಟರೆ ಮಾತ್ರ ಕೈಗೆ ಸಿಗುವುದು ಕಡಿಮೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿನ ಕಲ್ಲು-ಸಿಮೆಂಟಿನ ನಾಡಿನವನಾದ ನನಗೆ ಈ ಪ್ರಶ್ನೆ ಎದ್ದದ್ದು ಅಮೆರಿಕದ ಒಂದು ಕುಟುಂಬದ ಕಥೆ ಓದುವಾಗ. ದುಡಿಯುವವರ ಬಟ್ಟೆಯನ್ನೇ ಹೊಲಿಸಿ ಮಾರುತ್ತ ಆ ಕುಟುಂಬ ನಾಲ್ಕು ತಲೆಮಾರು ದಾಟಿದೆ. ಹೆಸರು ಕಾರ್‌ಹಾರ್ಟ್.

ಕಥೆ ನಮ್ಮೂರಿಂದ ದೂರದ್ದು ಅನ್ನಿಸಬಹುದು. ಆದರೆ ಅದು ಹುಟ್ಟಿದ್ದು ರೈಲಿನಿಂದ, ನಮ್ಮ ಭಾಗ ಬದಲಾದದ್ದೂ ರೈಲಿನಿಂದಲೇ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯವರ ಮುಂಬಯಿ ಹಳಿ ಸೊಲ್ಲಾಪುರ, ಕಲಬುರಗಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ವಾಡಿ ಜಂಕ್ಷನ್ ಆಯಿತು. ಅದಕ್ಕೆ ಮೊದಲು ಎತ್ತಿನ ಬಂಡಿ ಹೋಗುವಷ್ಟು ದೂರ ಮಾತ್ರ ಹೋಗುತ್ತಿದ್ದ ಶಹಾಬಾದದ ಪರ್ಸಿ ಕಲ್ಲಿಗೆ ಈಗ ಮುಂಬಯಿಯ ಬಾಗಿಲು ತೆರೆಯಿತು.

ಇದೇ ಹೊತ್ತಿಗೆ, 1873ರ ಮೇ 20ರಂದು, ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಮತ್ತು ಲೀವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿ ಒಂದು ಪೇಟೆಂಟ್ ಪಡೆದರು. ಕೂಲಿಯವನೊಬ್ಬನ ಹೆಂಡತಿ ಡೇವಿಸನ ಅಂಗಡಿಗೆ ಬಂದು, ಗಂಡನಿಗೆ ಹರಿಯದಂಥ ಪ್ಯಾಂಟು ಬೇಕು ಅಂದಿದ್ದಳಂತೆ. ಆತ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದು ಕೊಟ್ಟ. ಜೀನ್ಸ್ ಶುರುವಾದದ್ದು ಅಲ್ಲಿಂದ. ಹೆಂಗಸಿನ ಆ ಒಂದು ಮಾತು ನನಗೆ ಪೇಟೆಂಟಿಗಿಂತ ದೊಡ್ಡದಾಗಿ ಕಾಣುತ್ತದೆ. ಅವಳ ಕೈಯಲ್ಲಿ ಕೊಳ್ಳಲು ದುಡ್ಡಿತ್ತು, ಎದುರಿಗೆ ಕೇಳಿಸಿಕೊಳ್ಳುವ ದರ್ಜಿ ಇದ್ದ.

ಹ್ಯಾಮಿಲ್ಟನ್ ಕಾರ್‌ಹಾರ್ಟ್ 1889ರಲ್ಲಿ ಡೆಟ್ರಾಯಿಟ್‌ನಲ್ಲಿ ಕಂಪನಿ ತೆರೆದಾಗ ಇದ್ದದ್ದು ಕೆಲವೇ ಹೊಲಿಗೆ ಯಂತ್ರ, ಅರ್ಧ ಅಶ್ವಶಕ್ತಿಯ ಒಂದು ಮೋಟರು. ಮೊದಲು ವ್ಯಾಪಾರ ಕುದುರಲಿಲ್ಲ. ಆಗ ಅವನು ರೈಲ್ವೆ ಕೆಲಸಗಾರರ ಬಳಿಗೇ ಹೋಗಿ, ಎಲ್ಲಿ ಹರಿಯುತ್ತದೆ, ಎಲ್ಲಿ ಜೇಬು ಬೇಕು ಎಂದು ಕೇಳಿದ. ಎಂಜಿನ್ ಓಡಿಸುವವನಿಗೆ ಎದೆಯ ಮೇಲೂ ಬಟ್ಟೆ ಬೇಕು, ಗಡಿಯಾರಕ್ಕೆ ಎದೆಯಲ್ಲೊಂದು ಜೇಬು ಬೇಕು. ಹೆಗಲ ಪಟ್ಟಿಯ ಓವರಾಲ್ ಹೀಗೆ ಅವನ ಕೈಗೆ ಬಂತು. ಡಕ್ ಎಂದು ಕರೆಯುವ, ಗುಡಾರದಂತೆ ದಪ್ಪಗಿನ ಕಂದು ಹತ್ತಿ ಬಟ್ಟೆಯ ಕೋಟು ಆಮೇಲೆ ಬಂದು ಕಂಪನಿಯ ಗುರುತಾಯಿತು. ಯೂನಿಯನ್ ಕೆಲಸಗಾರರು ಹೊಲಿದದ್ದು ಎಂಬುದನ್ನೇ ಅವನು ಜಾಹೀರಾತು ಮಾಡಿಕೊಂಡ.

ಒಂದು ಕಾಲಕ್ಕೆ ಅವನಿಗೆ ಸ್ವಂತ ಹತ್ತಿ ಗಿರಣಿಗಳಿದ್ದವು, ಬೇರೆ ಬೇರೆ ನಗರಗಳಲ್ಲಿ ಕಾರ್ಖಾನೆಗಳಿದ್ದವು. ಹತ್ತಿ ದರ ಬಿದ್ದು, ಮೇಲೆ 1929ರ ಮಹಾಕುಸಿತವೂ ಬಂದು ಹೆಚ್ಚಿನವು ಕೈಬಿಟ್ಟವು. 1937ರಲ್ಲಿ ಹ್ಯಾಮಿಲ್ಟನ್ ಮತ್ತು ಅವನ ಹೆಂಡತಿ ಕಾರು ಅಪಘಾತದಲ್ಲಿ ತೀರಿಕೊಂಡರು. ಮಗ ವೈಲಿ ಉಳಿದದ್ದನ್ನು ಉಳಿಸಿಕೊಂಡ. ಮುಂದೆ ಮೊಮ್ಮಗಳು ಗ್ರೆಚೆನ್‌ಳ ಗಂಡ ರಾಬರ್ಟ್ ವಲೇಡ್, ಅವರ ಮಗ ಮಾರ್ಕ್ ವಲೇಡ್ ನಡೆಸಿದರು. 1970ರ ದಶಕದಲ್ಲಿ ಅಲಾಸ್ಕಾದ ಹಿಮದಲ್ಲಿ ಎಣ್ಣೆ ಕೊಳವೆ ಹಾಕಿದವರ ಮೈಮೇಲೆ ಇದೇ ಕೋಟಿತ್ತು. 1990ರ ದಶಕದಲ್ಲಿ ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಅದನ್ನು ಫ್ಯಾಶನ್ ಮಾಡಿದರು. ಈಗ ಕಲ್ಲು ಹೊರದವರೂ ಅದನ್ನು ಹಾಕುತ್ತಾರೆ.

ನಮ್ಮ ಕಡೆ ಕಲ್ಲು ಹೊರುವವರಿಗೆ ಯಾರು ಹೊಲಿದರು?

ವಿಚಿತ್ರವೆಂದರೆ ಹೆಸರು ನಮ್ಮದೇ. ಇಂಗ್ಲಿಷಿನ ‘ಡಂಗರಿ’ ಹುಟ್ಟಿದ್ದು ಮುಂಬಯಿಯ ಡೋಂಗ್ರಿಯಿಂದ. ಅಲ್ಲಿ ಮಾರುತ್ತಿದ್ದ ಒರಟು ಹತ್ತಿ ಬಟ್ಟೆಗೆ ಬಂದರಿನವರು ಇಟ್ಟ ಹೆಸರದು. ವಾಡಿಯ ಹಳಿ ಹಿಡಿದು ಹೋದರೆ ಕೊನೆಗೆ ಸಿಗುವುದು ಡೋಂಗ್ರಿಯ ಆಸುಪಾಸೇ. ಖಾಕಿಯೂ ಅಷ್ಟೇ: ಖಾಕ್ ಎಂದರೆ ಧೂಳು. ಉರ್ದು ಕಿವಿಗೆ ಬೀಳುವ ನಮ್ಮ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದಲ್ಲಿ ಖಾಕಿ ಬಣ್ಣ ಕಂಡುಹಿಡಿದರು ಎಂಬ ಮಾತು ಕರಾವಳಿಯಲ್ಲಿದೆ. ವಾಯವ್ಯ ಗಡಿಯ ಇಂಗ್ಲಿಷ್ ಪಡೆ 1840ರ ದಶಕದಲ್ಲೇ ತೊಟ್ಟಿತ್ತು ಎಂಬ ಇನ್ನೊಂದು ಮಾತೂ ಇದೆ. ಜಗಳ ಹಾಗೇ ಇರಲಿ. ಬಟ್ಟೆ, ಬಣ್ಣ, ಹೆಸರು ಎಲ್ಲ ಈ ದೇಶದಲ್ಲಿದ್ದವು. ಕಲ್ಲಿನ ಖಣಿಯವನನ್ನು ಗಿರಾಕಿ ಎಂದು ಎಣಿಸಿದವರು ಇರಲಿಲ್ಲ.

ಹಾಗಾಗಿ ಅವನ ಮನೆಯೇ ಅವನ ಕಾರ್ಖಾನೆ. ಪರ್ಸಿ ಪದರು ಪದರಾಗಿ ಬರುವ ಕಲ್ಲು. ಉಳಿ ಇಟ್ಟು ಬಡಿದು, ಹಾರೆ ಹಾಕಿ ಮೀಟಿದರೆ ಹಲಗೆಯಂತೆ ಏಳುತ್ತದೆ. ಅಂಚು ಕತ್ತಿಯಂಥದು. ಅಂಗೈಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿಕೊಳ್ಳುವುದು, ಕಾಲಿಗೆ ಟೈರಿನ ಚಪ್ಪಲಿ, ತಲೆಗೆ ರುಮಾಲು, ಮೂಗಿಗೆ ದಸ್ತಿ. ಹೊರುವ ಹೆಂಗಸರಿಗೆ ಹಳೆ ಸೀರೆ ಸುತ್ತಿದ ಸಿಂಬಿ. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ. ನಮ್ಮ ಅಜ್ಜಿ ಕೌದಿ ಹೊಲಿಯುವಾಗ ಉಳಿದ ತುಂಡುಗಳನ್ನು ಎಸೆಯುತ್ತಿರಲಿಲ್ಲ. ಮೂರು ನಾಲ್ಕು ಪದರು ಕೂಡಿಸಿ ಹೆಗಲಿಗೆ ಇಟ್ಟುಕೊಳ್ಳುವ ಮೆತ್ತೆ ಮಾಡುತ್ತಿದ್ದಳು. ಅದಕ್ಕೊಂದು ಹೆಸರೂ ಇರಲಿಲ್ಲ, ‘ಹೆಗಲಿಂದು ಕೊಡು’ ಅಂತಿದ್ದರು ಅಷ್ಟೇ. ಡೆಟ್ರಾಯಿಟ್‌ನ ಡಕ್ ಕೋಟಿನ ಹೆಗಲಿಗೂ ಅವಳ ಮೆತ್ತೆಗೂ ಬುದ್ಧಿ ಒಂದೇ: ಸವೆಯುವಲ್ಲಿ ಪದರು ಹೆಚ್ಚಿಸು.

ಆದರೆ ಇದನ್ನು ಹೊಗಳಿ ಸುಮ್ಮನಾಗಲು ಮನಸ್ಸು ಬರುವುದಿಲ್ಲ. ಟೈರಿನ ಚಪ್ಪಲಿ ಮುಳ್ಳು ತಡೆಯುತ್ತದೆ, ಬೆರಳ ಮೇಲೆ ಬೀಳುವ ಹಲಗೆಯನ್ನು ತಡೆಯುವುದಿಲ್ಲ. ದಸ್ತಿ ಕಣ್ಣಿಗೆ ಕಾಣುವ ಧೂಳು ತಡೆಯುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ, ಕೂದಲ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಚಿಕ್ಕ ಕಣ. ಹಸಿ ಸಿಮೆಂಟು ಕಟು ಕ್ಷಾರ, ಬೆವೆತ ಚರ್ಮವನ್ನು ಸುಡುತ್ತದೆ.

ಆ ಸಿಮೆಂಟು ಶಹಾಬಾದಕ್ಕೆ ಬಂದದ್ದು 1920ರ ದಶಕದಲ್ಲಿ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದದ್ದೂ ಅದರಲ್ಲಿ ಸೇರಿತು. 1960ರ ದಶಕದ ಕೊನೆಗೆ ವಾಡಿ, 1980ರ ದಶಕದಲ್ಲಿ ಮಳಖೇಡ, ಸೇಡಂ, ಈಚೆಗೆ ಚಿಂಚೋಳಿ ಕಡೆ. ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಈಗ ಸಿಮೆಂಟಿನ ಊರು.

ಕಾರ್ಖಾನೆ ಜೊತೆ ಕಾನೂನೂ ಬಂತು. 1948ರ ಕಾರ್ಖಾನೆ ಕಾಯ್ದೆ ಧೂಳು ತಡೆಯುವ, ಕಣ್ಣು ಕಾಯುವ ಹೊಣೆಯನ್ನು ಮಾಲೀಕನ ಮೇಲೆ ಇಟ್ಟಿತು. ಆ ವರ್ಷದ ಸೆಪ್ಟೆಂಬರ್‌ವರೆಗೂ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, ಕಾಯ್ದೆ ಇಲ್ಲಿಗೆ ಮುಟ್ಟಿದ್ದು ಆಮೇಲೆ. ಗಣಿಗಳಿಗೆ 1952ರ ಕಾಯ್ದೆ ಬಂತು. 1961ರ ನಿಯಮಾವಳಿ ರಕ್ಷಣೆಯ ಪಾದರಕ್ಷೆಯನ್ನೂ ಹೇಳುತ್ತದೆ. ಈಗ ದೊಡ್ಡ ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಹೆಲ್ಮೆಟ್ಟು, ಬೂಟು ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಸಣ್ಣ ಪರ್ಸಿ ಖಣಿಗೆ ಗೇಟೇ ಇಲ್ಲ. ಕೆಲಸದವನ ಹೆಸರು ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಬೂಟು ಯಾವ ಹೆಸರಿಗೆ ಬರಬೇಕು?

ಕೊಳ್ಳುವವರಿದ್ದರೆ ಹೊಲಿಗೆ ಎಷ್ಟು ಬೇಗ ಆಗುತ್ತದೆ ಎಂಬುದನ್ನು 2020ರಲ್ಲಿ ನೋಡಿದೆವು. ಕೊರೊನಾದಿಂದ ದೇಶದ ಮೊದಲ ಸಾವು ಆ ಮಾರ್ಚಿನಲ್ಲಿ ನಮ್ಮ ಕಲಬುರಗಿಯದೇ. ವೈದ್ಯರು ತೊಡುವ ಪೂರ್ಣ ಕವಚ ಆಗ ಹೆಚ್ಚಾಗಿ ಹೊರದೇಶದಿಂದಲೇ ಬರಬೇಕಿತ್ತು. ಸರ್ಕಾರ ಕೊಳ್ಳುತ್ತೇನೆ ಎಂದಿತು. ಶರ್ಟು, ಪ್ಯಾಂಟು ಹೊಲಿದು ರಫ್ತು ಮಾಡುತ್ತಿದ್ದ ಬೆಂಗಳೂರಿನ ಗಾರ್ಮೆಂಟ್ಸ್‌ಗಳು ಸಾಲು ಬದಲಿಸಿದವು. ಕೊಯಮತ್ತೂರಿನ ಪ್ರಯೋಗಾಲಯದಲ್ಲಿ ಕೃತಕ ರಕ್ತ ಚಿಮ್ಮಿಸಿ, ಬಟ್ಟೆ ಸೋರುತ್ತದೋ ಇಲ್ಲವೋ ಪರೀಕ್ಷಿಸಿದರು. ಕೆಲವೇ ವಾರಗಳಲ್ಲಿ ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಕವಚ ತಯಾರಾಗುತ್ತಿತ್ತು, ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದು.

ಅದೇ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಉಳಿದ ಜನರಿಗೆ ಒಂದು ಸಲಹೆ ಕೊಟ್ಟಿತು: ಮನೆಯಲ್ಲಿರುವ ಹಳೆಯ ಹತ್ತಿ ಬಟ್ಟೆ ತೊಳೆದು, ಮೂಗು ಬಾಯಿಗೆ ಕಟ್ಟಿಕೊಳ್ಳಿ. ಶಹಾಬಾದದ ಖಣಿಯವರು ಹೊಸದಾಗಿ ಏನನ್ನೂ ಹುಡುಕಬೇಕಾಗಲಿಲ್ಲ. ದಸ್ತಿ ಕೊರಳಲ್ಲೇ ಇತ್ತು.