ತೂರಾಟದಿಂದ ಮೂವತ್ತು ಮಿಲಿಗ್ರಾಂಗೆ

ಕುಡಿದು ಗಾಡಿ ಹೊಡೆಯುವುದು ಅಪರಾಧವಾದದ್ದು ಮೋಟಾರು ಕಾರು ರಸ್ತೆಗಿಳಿಯುವ ಮೊದಲೇ. ಅಮಲೇರಿ ಕುದುರೆ, ದನ, ಸಾರೋಟು ಅಥವಾ ಉಗಿಯಂತ್ರವನ್ನು ಹೆದ್ದಾರಿಯಲ್ಲಿ ನಡೆಸುವವನಿಗೆ ಬ್ರಿಟನ್ನಿನ 1872ರ ಲೈಸೆನ್ಸಿಂಗ್ ಕಾಯ್ದೆ 40 ಷಿಲಿಂಗ್‌ವರೆಗೆ ದಂಡ ಇಲ್ಲವೇ ಒಂದು ತಿಂಗಳವರೆಗೆ ಸೆರೆವಾಸ ಗೊತ್ತುಮಾಡಿತ್ತು. ಎಷ್ಟು ಕುಡಿದರೆ ಅಮಲು ಎಂಬುದನ್ನು ಮಾತ್ರ ಅದು ಹೇಳಲಿಲ್ಲ. ಪೊಲೀಸನ ಕಣ್ಣು, ವೈದ್ಯನ ಮೂಗು ಇವೇ ಅಳತೆಗೋಲುಗಳಾಗಿದ್ದವು.

ಅಂಕಿ ಬಂದದ್ದು ಪ್ರಯೋಗಾಲಯದಿಂದ. ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ಕೆಲವೇ ಹನಿ ರಕ್ತದಲ್ಲಿ ಆಲ್ಕೋಹಾಲ್ ಅಳೆಯುವ ವಿಧಾನವನ್ನು 1920ರ ದಶಕದಲ್ಲಿ ರೂಪಿಸಿದರು. 1936ರಲ್ಲಿ ನಾರ್ವೆ ಶೇ 0.05ರ ಮಿತಿಯನ್ನು ಕಾನೂನಿಗೆ ತಂದಿತು. 1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ ಉಸಿರಿನಲ್ಲೇ ಆಲ್ಕೋಹಾಲ್ ಅಳೆಯುವ ಬ್ರೆಥಲೈಸರ್ ನಿರ್ಮಿಸಿದ ಮೇಲೆ ರಸ್ತೆಬದಿಯ ತಪಾಸಣೆಗೆ ಸೂಜಿ ಬೇಕಿರಲಿಲ್ಲ. ಬ್ರಿಟನ್ 1967ರಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಎಂದು ಗೆರೆ ಎಳೆದಾಗ ಪೊಲೀಸರ ಕೈಯಲ್ಲಿ ಇದ್ದದ್ದು ಒಂದು ಚೀಲ, ಒಂದು ಗಾಜಿನ ಕೊಳವೆ. ಕೊಳವೆಯೊಳಗೆ ಡೈಕ್ರೋಮೇಟಿನ ಹಳದಿ ಹರಳು. ಊದಿದ ಉಸಿರಿನಲ್ಲಿ ಆಲ್ಕೋಹಾಲ್ ಇದ್ದರೆ ಹರಳು ತುದಿಯಿಂದ ಹಸಿರಾಗುತ್ತ ಬರುತ್ತಿತ್ತು. ಆ ಹಸಿರು ಕೊಳವೆಯ ಮೇಲಿನ ಗೆರೆ ದಾಟಿತೆಂದರೆ ಠಾಣೆಗೆ.

ಭಾರತದ 1939ರ ಮೋಟಾರು ವಾಹನ ಕಾಯ್ದೆ ಹಳೆಯ ದಾರಿಯನ್ನೇ ಹಿಡಿಯಿತು. ವಾಹನವನ್ನು ಹತೋಟಿಯಲ್ಲಿಡಲಾಗದಷ್ಟು ಅಮಲಿನಲ್ಲಿದ್ದರೆ ಶಿಕ್ಷೆ. ಹತೋಟಿ ತಪ್ಪಿತ್ತೆಂದು ರುಜುವಾತು ಮಾಡುವುದೇ ಕಷ್ಟ. ಬಾಯಿಯ ವಾಸನೆ, ತೂರಾಡುವ ನಡೆ, ತೊದಲು ಮಾತು, ಹಿಗ್ಗಿದ ಪಾಪೆ ಇವಿಷ್ಟರಿಂದಲೇ ಕುಡಿದಿದ್ದಾನೆಂದು ತೀರ್ಮಾನಿಸಲಾಗದು ಎಂದು 1971ರಲ್ಲಿ ಮಹಾರಾಷ್ಟ್ರದ ಒಂದು ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೀವ ಹೋದ ಮೇಲೂ ಸಾಕ್ಷ್ಯ ನಿಲ್ಲದ ಸ್ಥಿತಿ ಅದು.

1988ರ ಕಾಯ್ದೆಯ 185ನೇ ಕಲಂ ಇನ್ನೊಂದು ತುದಿಗೆ ಹೋಯಿತು. ರಕ್ತದಲ್ಲಿ ಆಲ್ಕೋಹಾಲ್ ಎಷ್ಟೇ ಅಲ್ಪವಾಗಿರಲಿ, ಅಪರಾಧ. ಕೆಮ್ಮಿನ ಔಷಧದ ಅಂಶಕ್ಕೂ ತಪ್ಪಿತಸ್ಥನಾಗಬಹುದಾದ ಈ ನಿಯಮ 1994ರ ತಿದ್ದುಪಡಿಯಲ್ಲಿ ಬದಲಾಗಿ, 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಎಂಬ ಮಿತಿ ಬಂತು. ಬ್ರಿಟನ್ನಿನ ಅಂದಿನ ಮಿತಿಯ ಅರ್ಧಕ್ಕೂ ಕಡಿಮೆ ಇದು. ಹೀಗೆ ಬಿಗಿಯಾಗಿ ಇಟ್ಟದ್ದು ಸರಿಯೇ. ಊದಲು ಒಲ್ಲೆ ಎಂದರೂ ಬಿಡುಗಡೆಯಿಲ್ಲ: ಸಕಾರಣವಿಲ್ಲದ ನಿರಾಕರಣೆಯನ್ನು ನ್ಯಾಯಾಲಯ ಆರೋಪಿಯ ವಿರುದ್ಧದ ಸಂಗತಿಯಾಗಿ ಗಣಿಸಬಹುದು.

ಮಿತಿ ಬಿಗಿಯಾಗಿದ್ದರೂ ದಂಡ ಮಾತ್ರ ಬಹುಕಾಲ ಹಗುರವಾಗಿಯೇ ಉಳಿಯಿತು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವರ್ಷಗಳು ಉರುಳಿದಂತೆ ಆ 2,000ಕ್ಕೆ ಬೆಲೆ ಉಳಿಯಲಿಲ್ಲ. 2019ರ ಸೆಪ್ಟೆಂಬರ್ 1ರಿಂದ ದಂಡ 10,000 ರೂಪಾಯಿಗೆ ಏರಿತು. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ದಂಡ ಅಥವಾ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಎರಡೂ.

ಹೊಸ ದಂಡ ಭಾರವಾಯಿತೆಂಬ ಕೂಗೆದ್ದು ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ಸಂಚಾರ ತಪ್ಪುಗಳ ದಂಡ ಇಳಿಸಿತು. ಸ್ಥಳದಲ್ಲೇ ಹಣ ಕಟ್ಟಿ ಮುಗಿಸಿಕೊಳ್ಳಬಹುದಾದ ಅಪರಾಧಗಳಿಗಷ್ಟೇ ಆ ಇಳಿಕೆ ಸಾಧ್ಯವಿತ್ತು. ಕುಡಿದು ಓಡಿಸುವುದು ಆ ಗುಂಪಿಗೆ ಸೇರುವುದಿಲ್ಲ. ಸಿಕ್ಕಿಬಿದ್ದವನು ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು. ತಪ್ಪು ಸಾಬೀತಾದರೆ ಕನಿಷ್ಠ ಆರು ತಿಂಗಳು ಲೈಸೆನ್ಸೂ ಇರುವುದಿಲ್ಲ.