ಕ್ಯಾನ್ಸರ್ ಮತ್ತು ಕೋಶಪೊರೆಯ ಪ್ರೋಟೀನುಗಳು: ಹರ್-2 ಕುರಿತು ಸಾರ್ವಜನಿಕರಿಗೆ ಮಾಹಿತಿ

ಸ್ತನ ಕ್ಯಾನ್ಸರ್ ರೋಗಿಗಳ ಅಂಗಾಂಶ ಪರೀಕ್ಷಾ ವರದಿಯಲ್ಲಿ 'ಹರ್-2' ಎಂಬ ಒಂದು ಸಾಲು ಇರುತ್ತದೆ. ಚಿಕಿತ್ಸೆಯ ವಿಧ, ಅವಧಿ ಮತ್ತು ವೆಚ್ಚ ಇವು ಬಹುಮಟ್ಟಿಗೆ ಈ ಸಾಲನ್ನು ಅವಲಂಬಿಸಿರುತ್ತವೆ. ಚಿಕಿತ್ಸಾ ನೆರವಿಗಾಗಿ ಅರ್ಜಿ ಸಲ್ಲಿಸುವವರು ಇದರ ಅರ್ಥವನ್ನು ತಿಳಿದಿರುವುದು ಅವಶ್ಯಕವಾದುದರಿಂದ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಹರ್-2 ಎಂದರೇನು?

ಪ್ರತಿಯೊಂದು ಜೀವಕೋಶವನ್ನೂ ತೆಳುವಾದ ಪೊರೆಯೊಂದು ಆವರಿಸಿರುತ್ತದೆ. ಕೆಲವು ಪ್ರೋಟೀನುಗಳು ಈ ಪೊರೆಯನ್ನು ಅಡ್ಡಲಾಗಿ ಹಾಯ್ದು, ಒಂದು ತುದಿಯನ್ನು ಹೊರಗೂ ಇನ್ನೊಂದು ತುದಿಯನ್ನು ಒಳಗೂ ಚಾಚಿರುತ್ತವೆ. ಹೊರಗಿನ ಸಂಕೇತವನ್ನು ಒಳಕ್ಕೆ ತಲುಪಿಸುವುದು ಇವುಗಳ ಪೈಕಿ ಹಲವುಗಳ ಕಾರ್ಯ. ಹರ್-2 ಇಂತಹ ಒಂದು ಪ್ರೋಟೀನು. ಕೋಶದ ಬೆಳವಣಿಗೆ ಮತ್ತು ವಿಭಜನೆಯ ಸಂಕೇತಗಳನ್ನು ಇದು ಒಳಕ್ಕೆ ರವಾನಿಸುತ್ತದೆ. ಆರೋಗ್ಯವಂತರ ಕೋಶಗಳಲ್ಲಿಯೂ ಇದು ಅಲ್ಪ ಪ್ರಮಾಣದಲ್ಲಿರುತ್ತದೆ.

2. ರೋಗದಲ್ಲಿ ಇದರ ಪಾತ್ರ

ಹರ್-2 ತಯಾರಿಕೆಯ ವಂಶವಾಹಿಯು 17ನೇ ವರ್ಣತಂತುವಿನಲ್ಲಿದ್ದು, ಸಾಮಾನ್ಯ ಕೋಶದಲ್ಲಿ ಇದರ ಎರಡು ಪ್ರತಿಗಳಿರುತ್ತವೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಈ ಪ್ರತಿಗಳು ಹಲವು ಪಟ್ಟು ಹೆಚ್ಚಿ, ಪೊರೆಯ ಮೇಲೆ ಪ್ರೋಟೀನು ದಟ್ಟವಾಗುತ್ತದೆ. ಆಗ ಅವು ಒಂದಕ್ಕೊಂದು ಜೋಡಿಯಾಗಿ, ಹೊರಗಿನ ಸಂಕೇತವಿಲ್ಲದಿದ್ದರೂ ವಿಭಜನೆಯ ಆದೇಶವನ್ನು ಕಳುಹಿಸುತ್ತಲೇ ಇರುತ್ತವೆ. ಸ್ತನ ಕ್ಯಾನ್ಸರುಗಳ ಪೈಕಿ ಸುಮಾರು ಶೇ. 15ರಿಂದ 20ರಷ್ಟು ಈ ಬಗೆಯವು. ಇಂತಹ ರೋಗವು ಬೇಗ ಮರುಕಳಿಸುತ್ತದೆಂಬುದನ್ನು ಅಮೆರಿಕದ ಡೆನ್ನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ವರದಿ ಮಾಡಿದರು.

3. ಚಿಕಿತ್ಸೆ

ಪ್ರೋಟೀನು ಪೊರೆಯ ಎರಡೂ ಬದಿಗೆ ಚಾಚಿರುವುದರಿಂದ ಔಷಧಿಗಳು ಬೇರೆ ಬೇರೆ ಮಾರ್ಗಗಳಲ್ಲಿ ಕೆಲಸ ಮಾಡುತ್ತವೆ.

ಅ) ಟ್ರಾಸ್ಟುಜುಮ್ಯಾಬ್ ಚುಚ್ಚುಮದ್ದು ಹೊರತುದಿಗೆ ಅಂಟಿಕೊಂಡು ಸಂಕೇತವನ್ನು ತಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮೋದನೆ ದೊರೆಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಇದರ ಸಮರೂಪ ಔಷಧಿಯನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.
ಆ) ಲಪಾಟಿನಿಬ್ ಮಾತ್ರೆಯು ಕೋಶದೊಳಕ್ಕೆ ಹೊಕ್ಕು ಒಳತುದಿಯನ್ನು ತಡೆಯುತ್ತದೆ.
ಇ) ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಔಷಧಿಯು ಹೊರತುದಿಗೆ ಅಂಟಿಕೊಂಡು, ತಾನು ಹೊತ್ತು ತಂದ ಕೋಶನಾಶಕವನ್ನು ಕೋಶದೊಳಗೆ ಬಿಡುಗಡೆ ಮಾಡುತ್ತದೆ. ಕೇಂದ್ರ ಸರ್ಕಾರವು ಜುಲೈ 2024ರ ಆಯವ್ಯಯದಲ್ಲಿ ಇದಕ್ಕೆ ಆಮದು ಸುಂಕದಿಂದ ವಿನಾಯಿತಿ ಘೋಷಿಸಿತು.

4. ವರದಿಯನ್ನು ಓದುವ ಬಗೆ

* 3+ : ಹರ್-2 ಪಾಸಿಟಿವ್. ಮೇಲ್ಕಂಡ ಔಷಧಿಗಳನ್ನು ವೈದ್ಯರು ಪರಿಗಣಿಸುತ್ತಾರೆ.
* 2+ : ನಿರ್ಣಯವಾಗಿಲ್ಲ. 'ಫಿಶ್' ಮುಂತಾದ ವಂಶವಾಹಿ ಪರೀಕ್ಷೆ ಅಗತ್ಯ. ಇದನ್ನು ಮಾಡಿಸದೆ ಬಿಡಬಾರದು.
* 0 ಅಥವಾ 1+ : ನೆಗೆಟಿವ್. ಆದರೆ ರೋಗವು ದೇಹದ ಇತರೆ ಭಾಗಗಳಿಗೆ ಹರಡಿದ್ದಲ್ಲಿ, 1+ ಇರುವವರಿಗೂ (ಇ) ಔಷಧಿ ಉಪಯುಕ್ತವಾಗಬಹುದೆಂದು 2022ರಿಂದ ತಿಳಿದುಬಂದಿದೆ. ಆದುದರಿಂದ ವರದಿಯಲ್ಲಿ ಕೇವಲ 'ನೆಗೆಟಿವ್' ಎಂದಿದ್ದಲ್ಲಿ ಅಂಕವನ್ನೂ ಕೇಳಿ ಪಡೆಯತಕ್ಕದ್ದು.

5. ಅರ್ಜಿದಾರರ ಗಮನಕ್ಕೆ

* ಅಂಗಾಂಶ ಪರೀಕ್ಷೆ, ಹರ್-2 ಮತ್ತು ಫಿಶ್ ವರದಿಗಳ ಮೂಲ ಪ್ರತಿಗಳನ್ನು ತಮ್ಮಲ್ಲೇ ಇಟ್ಟುಕೊಂಡು, ಅರ್ಜಿಯೊಂದಿಗೆ ನಕಲು ಪ್ರತಿಗಳನ್ನು ಲಗತ್ತಿಸುವುದು ಸೂಕ್ತ.
* ಆಸ್ಪತ್ರೆ ಬದಲಾಯಿಸುವಾಗ ಅಂಗಾಂಶದ ಮೇಣದ ಬ್ಲಾಕನ್ನು ಕೇಳಿ ಪಡೆಯುವುದು. ಇದರಿಂದ ಮತ್ತೊಮ್ಮೆ ಅಂಗಾಂಶ ತೆಗೆಯುವುದನ್ನು ಅನೇಕ ವೇಳೆ ತಪ್ಪಿಸಬಹುದು.
* ಟ್ರಾಸ್ಟುಜುಮ್ಯಾಬ್ ಹೃದಯದ ಕಾರ್ಯಶಕ್ತಿಯನ್ನು ಕುಗ್ಗಿಸಬಹುದು. ಚಿಕಿತ್ಸೆಗೆ ಮೊದಲು ಹಾಗೂ ಚಿಕಿತ್ಸಾ ಅವಧಿಯಲ್ಲಿ ಎಕೋ ಪರೀಕ್ಷೆ ಮಾಡಿಸಬೇಕು.
* ಆರಂಭಿಕ ಹಂತದ ರೋಗಕ್ಕೆ ಈ ಚಿಕಿತ್ಸೆ ಸಾಮಾನ್ಯವಾಗಿ ಒಂದು ವರ್ಷದ್ದು. ಆದುದರಿಂದ ವೆಚ್ಚದ ಅಂದಾಜು ಪತ್ರವನ್ನು ಮೊದಲ ಚುಚ್ಚುಮದ್ದಿಗೆ ಮಾತ್ರವಲ್ಲದೆ ಪೂರ್ಣ ಅವಧಿಗೆ ಪಡೆಯುವುದು.
* ಆರೋಗ್ಯ ಯೋಜನೆಯಡಿ ಯಾವ ಔಷಧಿಗೆ ಎಷ್ಟು ಮೊತ್ತ ಲಭ್ಯವೆಂಬುದನ್ನು ಚಿಕಿತ್ಸೆ ಆರಂಭಿಸುವ ಮುನ್ನವೇ ನೋಂದಾಯಿತ ಆಸ್ಪತ್ರೆಯ ಆರೋಗ್ಯ ಮಿತ್ರರಲ್ಲಿ ವಿಚಾರಿಸುವುದು.

ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಚಿಕಿತ್ಸೆಯ ಕುರಿತು ತಜ್ಞ ವೈದ್ಯರ ನಿರ್ಣಯವೇ ಅಂತಿಮ.