ವಂಶವಾಹಿ

ನಾಮಪದ. ಸಂಸ್ಕೃತದ ‘ವಂಶ’ ಮತ್ತು ‘ವಾಹಿ’ (ಹೊರುವುದು, ಸಾಗಿಸುವುದು) ಸೇರಿ ಆದದ್ದು. ‘ವಂಶ’ದ ಒಂದು ಮೂಲಾರ್ಥ ಬಿದಿರು, ಗೆಣ್ಣಿನ ಮೇಲೆ ಗೆಣ್ಣು ಬೆಳೆಯುವ ಆ ಗಿಡದ ಹೆಸರೇ ಪೀಳಿಗೆಗೂ ಸಂದಿತು.

ಇದು ‘ಜೀನ್’ಗೆ ಕನ್ನಡ ಪದ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸನ್ 1909ರಲ್ಲಿ ಬಳಕೆಗೆ ತಂದ ‘ಜೀನ್’ನ ಬೇರು ಗ್ರೀಕಿನದು, ಅದು ನಮ್ಮ ‘ಜನನ’, ‘ಜನಕ’ಗಳ ದೂರದ ನೆಂಟ. ಮರಾಠಿಯಲ್ಲಿ ಇದೇ ‘ಜನುಕ’.

ಆದರೆ ವಂಶವಾಹಿಯ ಕೆಲಸ ಗುಣ ಹೊತ್ತು ತರುವುದಷ್ಟೇ ಅಲ್ಲ. ಭ್ರೂಣದ ಬಹುತೇಕ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ವಂಶವಾಹಿಗಳ ಗಂಟು. ಯಾವುದು, ಎಲ್ಲಿ, ಯಾವಾಗ ಚುರುಕಾಗಬೇಕು ಎಂಬ ಹತೋಟಿಯಿಂದಲೇ ಒಂದು ಕೋಶ ನರವಾಗುತ್ತದೆ, ಇನ್ನೊಂದು ಸ್ನಾಯುವಾಗುತ್ತದೆ. ಇದೇ ‘ವಂಶವಾಹಿ ನಿಯಂತ್ರಣ’. ಹಣ್ಣಿನ ನೊಣದಲ್ಲಿ ‘ಅಲ್ಟ್ರಾಬೈಥೊರಾಕ್ಸ್’ ಎಂಬ ವಂಶವಾಹಿ ಎದೆಯ ಮೂರನೆಯ ಖಂಡದಲ್ಲಿ ರೆಕ್ಕೆ ಮೂಡದಂತೆ ತಡೆದು, ಹಾರಾಟದ ಸಮತೋಲಕ್ಕೆ ಬೇಕಾದ ಪುಟ್ಟ ಅಂಗವನ್ನು ರೂಪಿಸುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ಎಲ್.ಎಸ್. ಶಶಿಧರ ಅವರ ಹೆಸರಾಂತ ಸಂಶೋಧನೆ ಈ ವಂಶವಾಹಿಯ ಕುರಿತೇ.

ಬಳಕೆ: ವಂಶವಾಹಿ ರೋಗ, ವಂಶವಾಹಿ ಚಿಕಿತ್ಸೆ. ‘ಜೀನ್’ ಎಂದರೂ ತಪ್ಪಿಲ್ಲ. ಮಕ್ಕಳಿಗೆ ಪಾಠ ಹೇಳುವಾಗ ಎರಡನ್ನೂ ಜೊತೆಗೇ ಕಲಿಸಿ.